ಸಂಶಯ ಬಂದರೆ ಸೆಕೆಂಡ್

ಹಂಚು ಒಳ್ಳೆಯದೋ ಕೆಟ್ಟದ್ದೋ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಭಟ್ಟಿಯಿಂದ ಹೊರಗೆ ಬಂದ ಹಂಚುಗಳೆಲ್ಲ ಒಂದೇ ತಾಯಿಯ ಮಕ್ಕಳ ಹಾಗೆ ಕೆಂಪಗೆ ಸಾಲಾಗಿ ಕೂತಿರುತ್ತವೆ. ಒಂದನ್ನು ಎಡಗೈಯಲ್ಲಿ ಎತ್ತಿ, ಬಲಗೈಯಲ್ಲಿರುವ ಗೇಣುದ್ದದ ಕಬ್ಬಿಣದ ಸರಳಿನಿಂದ ನಡುವಿಗೆ ಬಡಿಯಬೇಕು. ‘ಠಣ್’ ಎಂದು ಉದ್ದಕ್ಕೆ ಎಳೆದರೆ ಫಸ್ಟ್. ‘ಠಕ್’ ಎಂದು ಅಲ್ಲಿಯೇ ಕೂತುಬಿಟ್ಟರೆ ಒಳಗೆ ಎಲ್ಲೋ ಕೂದಲೆಳೆಯಷ್ಟು ಬಿರುಕು ಉಂಟು, ಇಲ್ಲವೇ ಸರಿಯಾಗಿ ಬೆಂದಿಲ್ಲ. ಅದು ಸೆಕೆಂಡ್. ‘ಬೊದ್’ ಎಂದರೆ ಥರ್ಡ್. ಥರ್ಡ್ ಹಂಚನ್ನು ಕೋಳಿಗೂಡಿಗೆ ಹಾಕಬಹುದು, ಕೋಳಿಗಳು ತಕರಾರು ಮಾಡುವುದಿಲ್ಲ.

ಉಡುಪಿಗೂ ಕಾಪುವಿಗೂ ನಡುವೆ, ಹೊಳೆಯ ಬದಿಯಲ್ಲಿದ್ದ ಒಂದು ಹಂಚಿನ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ನಾನು ಮಾಡಿದ್ದು ಇದೇ ಕೆಲಸ. ಬಡಿಯುವುದು, ಕೇಳುವುದು, ಫಸ್ಟೋ ಸೆಕೆಂಡೋ ಹೇಳುವುದು. ನಾನು ಹೇಳಿದ ರಾಶಿಗೆ ಹೆಂಗಸರು ಹೊತ್ತು ಹಾಕುವುದು. ಬೇರೆಯವರಿಗೆ ಹೊಲ, ಅಂಗಡಿ, ದೋಣಿ ಅಂತ ಏನಾದರೂ ಇರುತ್ತದೆ. ನನಗೆ ಇದ್ದದ್ದು ತಲೆಯ ಎರಡು ಬದಿಗೆ ಎರಡು ಕಿವಿ. ನಾನು, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು, ನಾಲ್ವರೂ ಉಣ್ಣುತ್ತಿದ್ದದ್ದು ಆ ಕಿವಿಗಳಿಂದ.

ನನಗೆ ಚಿಂತೆ ಮಾಡುವುದು ಹುಟ್ಟುಗುಣ. ಮಳೆ ಬಂದರೆ ಹೊಳೆ ಉಕ್ಕುವ ಚಿಂತೆ, ಬಾರದಿದ್ದರೆ ಬಾವಿ ಬತ್ತುವ ಚಿಂತೆ. ಮಕ್ಕಳು ಕೆಮ್ಮಿದರೆ ಚಿಂತೆ, ಕೆಮ್ಮದೆ ತುಂಬಾ ದಿನವಾದರೂ ಚಿಂತೆ. ಕಿವಿಯನ್ನಂತೂ ಹಾಲು ಕೊಡುವ ದನದ ಹಾಗೆ ನೋಡಿಕೊಂಡಿದ್ದೆ. ಬಸ್ಸಿನಲ್ಲಿ ಕಿಟಕಿಯ ಬದಿಗೆ ಕೂರುತ್ತಿರಲಿಲ್ಲ. ಮಳೆಗಾಲದಲ್ಲಿ ಹತ್ತಿ, ಚಳಿಗಾಲದಲ್ಲಿ ಮಫ್ಲರ್. ಕಡಲ ಬದಿಯ ಕಾಪುವಿನ ಚಳಿ ಅಂದರೆ ಎಷ್ಟು ಎಂದು ಗೊತ್ತಿರುವವರಿಗೆ ನನ್ನ ಮಫ್ಲರಿನ ಮರ್ಯಾದೆಯೂ ಗೊತ್ತಾಗುತ್ತದೆ. ಹೀಗೆ ಹೊರಗಿನಿಂದ ಬರಬಹುದಾದದ್ದಕ್ಕೆಲ್ಲ ಬಾಗಿಲು ಹಾಕಿ ಕೂತಿದ್ದೆ. ರೋಗ ಒಳಗಿನಿಂದಲೇ ಶುರುವಾಯಿತು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನನಗೆ ನಲವತ್ತು ದಾಟಿತ್ತು. ಹೆಂಡತಿಯ ತವರು ಕಾರ್ಕಳ. ಅಲ್ಲಿಗೆ ಹೋದಾಗ ಒಂದು ಭಾನುವಾರ ಎಲ್ಲರೂ ಗೊಮ್ಮಟನ ಬೆಟ್ಟ ಹತ್ತಿದೆವು. ಎಷ್ಟೋ ಸಲ ನೋಡಿದ ಗೊಮ್ಮಟ. ಆದರೂ ಹತ್ತಿರ ಹೋದ ಮೇಲೆ ಮುಖ ನೋಡದೆ ಬರಲಿಕ್ಕಾಗುತ್ತದಾ? ಕುತ್ತಿಗೆ ಹಿಂದಕ್ಕೆ ಹಾಕಿ ಮೇಲೆ ನೋಡಿದೆ. ಗೊಮ್ಮಟ ಮೆಲ್ಲ ಎಡಕ್ಕೆ ವಾಲಿದ.

“ಬೀಳ್ತಾ ಉಂಟು!” ಎಂದು ಕೂಗಿ, ಹೆಂಡತಿಯ ಕೈ ಹಿಡಿದೆಳೆದುಕೊಂಡು ಕೆಳಗೆ ಕೂತುಬಿಟ್ಟೆ. ಬದಿಯಲ್ಲಿ ಚುರುಮುರಿ ತಿನ್ನುತ್ತಿದ್ದ ಒಂದು ಸಂಸಾರ ಚುರುಮುರಿ ಬಿಟ್ಟು ಓಡಿತು. ಅವರ ಅಜ್ಜಿ ಎಲ್ಲರಿಗಿಂತ ಮುಂದೆ ಇದ್ದರು.

ಕಣ್ಣು ತೆರೆದು ನೋಡಿದರೆ ಗೊಮ್ಮಟ ಇದ್ದಲ್ಲೇ ಇದ್ದ. ಮುಖದಲ್ಲಿ ಅದೇ ಶಾಂತಿ.

“ನೂರಾರು ವರ್ಷದಿಂದ ನಿಂತವರು ನೀವು ಬಂದ ದಿನವೇ ಬೀಳುವುದಾ?” ಎಂದಳು ಹೆಂಡತಿ, ಸೀರೆಯ ಮಣ್ಣು ಕೊಡಹುತ್ತಾ. “ಓಡಿಹೋದವರಿಗೆ ಎಂತ ಹೇಳುವುದು ಈಗ? ನೀವೇ ಹೋಗಿ ಹೇಳಿ.”

ಮರುದಿನ ಬೆಳಿಗ್ಗೆ ಮನೆಯಲ್ಲಿ ಮಲಗಿದಲ್ಲಿಂದ ಬಲಕ್ಕೆ ಹೊರಳಿದೆ. ತಲೆಯ ಮೇಲಿನ ಹಂಚಿನ ಮಾಡು ತಿರುಗಿತು. ಮರದ ಪಕ್ಕಾಸು, ರೀಪು, ನಾನೇ ಬಡಿದು ಆರಿಸಿ ತಂದ ಫಸ್ಟ್ ಹಂಚುಗಳು, ಎಲ್ಲ ಸೇರಿ ಒಂದು ಸುತ್ತು ಹಾಕಿ ಬಂದವು. ಎಡಕ್ಕೆ ಹೊರಳಿದರೆ ಏನೂ ಇಲ್ಲ. ಅಂದಿನಿಂದ ಎಡಕ್ಕೆ ಮಾತ್ರ ಹೊರಳುವುದು ಎಂದು ತೀರ್ಮಾನ ಮಾಡಿದೆ. ಹಾಸಿಗೆಯ ಬಲಬದಿಯಲ್ಲಿ ಮಲಗುತ್ತಿದ್ದ ಹೆಂಡತಿಗೆ ಮೊದಮೊದಲು ಇದು ಬೇರೆ ಏನೋ ಸಿಟ್ಟು ಎಂದು ಕಂಡಿತ್ತು.

ಇದಾಗಿ ಕೆಲವು ತಿಂಗಳಿಗೆ ಎಡಗಿವಿ ತುಂಬಿದ ಹಾಗಾಯಿತು. ಹೊಳೆಯಲ್ಲಿ ಮುಳುಗಿ ಎದ್ದಾಗ ಆಗುತ್ತದಲ್ಲ, ಹಾಗೆ. ನಂತರ ಅದರೊಳಗೆ ಒಂದು ಶಬ್ದ ಶುರುವಾಯಿತು. ಒಮ್ಮೆ ಕಡಲಿನ ಮೊರೆತ, ಒಮ್ಮೆ ಉದ್ದದ ಸೈರನ್. ಕಾರ್ಖಾನೆಯಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ಊಟದ ಸೈರನ್ ಆಗುತ್ತಿತ್ತು. ಒಂದು ದಿನ ಸೈರನ್ ಆಯಿತೆಂದು ಸರಳು ಕೆಳಗಿಟ್ಟು, ಕೈಕಾಲು ತೊಳೆದು, ಬುತ್ತಿ ಬಿಚ್ಚಿ ಕೂತೆ. ಅರ್ಧ ಊಟವಾದ ಮೇಲೆ ತಲೆಯೆತ್ತಿ ನೋಡಿದರೆ ಹೆಂಗಸರೆಲ್ಲ ತಲೆಯ ಮೇಲೆ ಹಂಚು ಹೊತ್ತು ನಿಂತು ನನ್ನನ್ನೇ ನೋಡುತ್ತಿದ್ದಾರೆ. ಗಂಟೆ ಹತ್ತೂವರೆ.

“ಅಣ್ಣ, ಇವತ್ತು ಮನೆಯಲ್ಲಿ ಚಾ ಕೊಡಲಿಲ್ಲವಾ?” ಎಂದರು ಹೆಜಮಾಡಿಯ ಅಕ್ಕ.

ಈ ಅಕ್ಕನ ವಿಷಯ ಹೇಳಬೇಕು. ಹಂಚು ಹೊರುವ ಹೆಂಗಸರಲ್ಲಿ ಅವರೇ ಹಿರಿಯರು. ದಿನಾ ಹೆಜಮಾಡಿಯಿಂದ ಬಸ್ಸಿನಲ್ಲಿ ಬಂದು, ನನ್ನ ಎದುರು ನಿಂತು, ನಾನು ಬಡಿದ ಹಂಚನ್ನು ಮೊದಲು ಕೈಗೆ ತೆಗೆದುಕೊಳ್ಳುವವರು ಅವರು. ನಾನು ಅವರನ್ನು ಅಕ್ಕ ಎನ್ನುವುದು, ಅವರು ನನ್ನನ್ನು ಅಣ್ಣ ಎನ್ನುವುದು. ಇಬ್ಬರಲ್ಲಿ ದೊಡ್ಡವರು ಯಾರೆಂದು ಯಾರೂ ವಿಚಾರಿಸಿರಲಿಲ್ಲ, ವಿಚಾರಿಸಿದ್ದರೆ ಇಬ್ಬರಿಗೂ ಬೇಜಾರಾಗುತ್ತಿತ್ತು. ಅವರ ಬಾಯಿ ಜೋರು. ಕಣ್ಣು ಅದಕ್ಕಿಂತ ಚುರುಕು. ಕಿವಿಯ ಮಾತು ಆಮೇಲೆ ಬರುತ್ತದೆ.

ಊಟದ ವಿಷಯ ತಮಾಷೆಯಲ್ಲಿ ಹೋಯಿತು. ತಮಾಷೆಯಲ್ಲಿ ಹೋಗದ್ದು ಇನ್ನೊಂದು. ನನ್ನ ಎರಡು ಕಿವಿಗಳು ಎರಡು ಶ್ರುತಿ ಹಿಡಿದವು. ಅದೇ ಹಂಚನ್ನು ಬಲಗಿವಿಯ ಬದಿಗೆ ಹಿಡಿದು ಬಡಿದರೆ ‘ಠಣ್’. ಎಡಗಿವಿಯ ಬದಿಗೆ ಹಿಡಿದು ಬಡಿದರೆ, ನೆಗಡಿಯಾದವರು ಮಾತಾಡಿದ ಹಾಗೆ, ತಗ್ಗಿದ ದನಿಯಲ್ಲಿ ಒಂದು ‘ಠೊಣ್ಣ್’. ಎರಡೂ ಕಿವಿ ಒಟ್ಟಿಗೆ ಕೇಳಿದರೆ ಹಂಚಿನೊಳಗೆ ಇಬ್ಬರು ಜಗಳವಾಡುತ್ತಿರುವ ಹಾಗೆ. ಮೊದಲು ಸರಳು ಸರಿಯಿಲ್ಲ ಎಂದುಕೊಂಡೆ, ಬದಲಿಸಿದೆ. ಆಮೇಲೆ ಮಣ್ಣು ಸರಿಯಿಲ್ಲ ಎಂದೆ. ಭಟ್ಟಿಗೆ ಬೆಂಕಿ ಹಾಕುವವರ ಹತ್ತಿರ ಹೋಗಿ, “ಎಂತ, ಈ ಸಲ ಬೇಯಿಸಿದ್ದು ಕಡಿಮೆಯಾಯಿತಾ?” ಎಂದು ಕೇಳಿ ಬೈಸಿಕೊಂಡು ಬಂದೆ. ಬಲಗಿವಿಯನ್ನು ನಂಬೋಣ ಎಂದರೆ ಒಂದು ವರ್ಷದೊಳಗೆ ಅದೂ ಅಕ್ಕನ ದಾರಿಯನ್ನು ತಂಗಿ ಹಿಡಿದ ಹಾಗೆ ಎಡಗಿವಿಯ ದಾರಿ ಹಿಡಿಯಿತು. ಕೆಲವು ದಿನ ಚೆನ್ನಾಗಿ ಕೇಳುತ್ತದೆ, ಕೆಲವು ದಿನ ಹತ್ತಿ ತುರುಕಿದ ಹಾಗೆ. ಯಾವ ದಿನ ಹೇಗೆ ಎಂದು ಅದು ಮೊದಲೇ ಹೇಳುವುದಿಲ್ಲ.

ಆಗ ನಾನೊಂದು ಕಾನೂನು ಮಾಡಿಕೊಂಡೆ. ಸಂಶಯ ಬಂದರೆ ಸೆಕೆಂಡ್.

ಇದರಲ್ಲಿ ನ್ಯಾಯ ಉಂಟು ಎಂದು ಈಗಲೂ ಅನಿಸುತ್ತದೆ. ಒಡಕು ಹಂಚಿಗೆ ಫಸ್ಟ್ ಎಂದರೆ ಯಾರದೋ ಮನೆಯಲ್ಲಿ ಆಷಾಢದ ಮಳೆ ಮಲಗಿದವರ ಮುಖಕ್ಕೆ ಬೀಳುತ್ತದೆ. ಒಳ್ಳೆಯ ಹಂಚಿಗೆ ಸೆಕೆಂಡ್ ಎಂದರೆ ಯಾರ ಮುಖಕ್ಕೂ ಏನೂ ಬೀಳುವುದಿಲ್ಲ. ನನ್ನಿಂದ ಒಬ್ಬರ ಮಾಡೂ ಸೋರಬಾರದು, ಅಷ್ಟೇ. ತೊಂದರೆ ಎಂದರೆ ನನ್ನಂಥವನಿಗೆ ಸಂಶಯ ಬರುವುದು ಯಾವಾಗಲೋ ಒಮ್ಮೆ ಅಲ್ಲ. ಮೊದಲು ನೂರರಲ್ಲಿ ಎಂಬತ್ತು ಫಸ್ಟ್ ಹೇಳುತ್ತಿದ್ದವನು ಅರವತ್ತಕ್ಕೆ ಇಳಿದೆ, ಆಮೇಲೆ ನಲವತ್ತಕ್ಕೆ. ಎಡಗಿವಿಯಲ್ಲಿ ಕಡಲು ಮೊರೆಯುವ ದಿನಗಳಲ್ಲಿ ಬೆಳಗಿನಿಂದ ಸಂಜೆಯ ತನಕ ಸೆಕೆಂಡ್, ಸೆಕೆಂಡ್, ಸೆಕೆಂಡ್.

ಹೀಗೆ ನಮ್ಮ ಕಾರ್ಖಾನೆಯ ಸೆಕೆಂಡ್ ಹಂಚಿಗೆ ಊರಿನಲ್ಲಿ ಹೆಸರು ಬಂತು. ಮೊದಲು ಹತ್ತಿರದವರು ದನದ ಹಟ್ಟಿಗೆಂದು ಒಯ್ದರು. ಮಳೆಗಾಲ ಬಂದಾಗ ನೋಡಿದರೆ ಅವರ ಮನೆ ಸೋರುತ್ತಿದೆ, ಹಟ್ಟಿ ಸೋರುತ್ತಿಲ್ಲ. ಅದರ ಮರುವರ್ಷ ಅವರೇ ಬಂದು ಮನೆಗೂ ಸೆಕೆಂಡ್ ಒಯ್ದರು. ಸುದ್ದಿ ಹೆಂಗಸರ ತಲೆಯ ಮೇಲಿನ ಸಿಂಬಿಯೊಟ್ಟಿಗೆ ಬಸ್ಸು ಹತ್ತಿ ಹೆಜಮಾಡಿಗೆ ಹೋಯಿತು, ಅಲ್ಲಿಂದ ಎಲ್ಲೆಲ್ಲಿಗೋ. ಅಜೆಕಾರಿನಿಂದ ಲಾರಿ ಮಾಡಿಕೊಂಡು ಬರುವವರು, ದಾರಿಯಲ್ಲಿ ಎರಡು ಕಾರ್ಖಾನೆ ಬಿಟ್ಟು ನಮ್ಮಲ್ಲಿಗೆ ಬಂದು, “ಸೆಕೆಂಡ್ ಉಂಟಾ?” ಎಂದು ಕೇಳುತ್ತಿದ್ದರು. ಇಲ್ಲ, ಫಸ್ಟ್ ಮಾತ್ರ ಉಂಟು ಎಂದರೆ ಮುಖ ಸಣ್ಣದು ಮಾಡಿ, ಬರುವ ವಾರ ಬರುತ್ತೇವೆ ಎಂದು ಹೋಗುತ್ತಿದ್ದರು.

ನಮ್ಮ ಧಣಿಗಳಿಗೆ ತಲೆಬುಡ ಅರ್ಥವಾಗಲಿಲ್ಲ. ಅವರು ಕೆಟ್ಟವರಲ್ಲ. ದಪ್ಪ ದೇಹ, ತೆಳ್ಳಗಿನ ಸಿಟ್ಟು. ಬೇಗ ಬರುತ್ತಿತ್ತು, ಬೇಗ ಹರಿದುಹೋಗುತ್ತಿತ್ತು. “ಎಂತ ಮಾರಾಯ, ಜನರಿಗೆ ಸೆಕೆಂಡಿನ ಮರುಳು?” ಎಂದು ನನ್ನನ್ನೇ ಕೇಳುತ್ತಿದ್ದರು. ನಾನು ನೆಲ ನೋಡುತ್ತಿದ್ದೆ. ಕೊನೆಗೆ ಅವರೇ ಒಂದು ಕಾರಣ ಕಂಡುಕೊಂಡರು. ನಾನು ತುಂಬಾ ಕಟ್ಟುನಿಟ್ಟು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬಿಡುವುದಿಲ್ಲ, ಹಾಗಾಗಿ ನಮ್ಮ ಸೆಕೆಂಡೇ ಬೇರೆಯವರ ಫಸ್ಟಿನಷ್ಟು ಒಳ್ಳೆಯದು. “ನಮ್ಮಲ್ಲಿ ಒಬ್ಬ ಇದ್ದಾನೆ, ಅವನ ಕಿವಿ ಅಂದರೆ ಕಿವಿ!” ಎಂದು ಬಂದವರಿಗೆಲ್ಲ ಹೇಳಲು ಶುರುಮಾಡಿದರು. ಅವರು ಬೈದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಇದನ್ನೆಲ್ಲ ಮನೆಯಲ್ಲಿ ಹೇಳಿರಲಿಲ್ಲ. ಹೇಳಿಸಿದ್ದು ಬಸ್ಸು. ಉಡುಪಿಯಲ್ಲಿ ಮಕ್ಕಳಿಗೆ ಬಟ್ಟೆ ತೆಗೆದು ನಾವಿಬ್ಬರೂ ಕಾಪುವಿಗೆ ವಾಪಸು ಬರುತ್ತಿದ್ದೆವು. ಸೀಟು ಸಿಕ್ಕಿರಲಿಲ್ಲ. ದಾರಿಯಲ್ಲಿ ನನಗೆ ತಲೆ ತಿರುಗತೊಡಗಿತು. ಬಸ್ಸಿನಲ್ಲಿ ತಲೆ ತಿರುಗುವುದರಲ್ಲಿ ಒಂದು ಅನುಕೂಲ ಉಂಟು. ನಿಂತವರೆಲ್ಲ ಓಲಾಡುತ್ತಿರುತ್ತಾರೆ, ಯಾರಿಗೂ ಗೊತ್ತಾಗುವುದಿಲ್ಲ. ನಾನೂ ಎಲ್ಲರೊಟ್ಟಿಗೆ ಮರ್ಯಾದೆಯಿಂದ ಓಲಾಡುತ್ತಾ ಬಂದೆ. ಕಾಪುವಿನಲ್ಲಿ ಬಸ್ಸು ನಿಂತಿತು. ಎಲ್ಲರ ಓಲಾಟವೂ ನಿಂತಿತು. ನನ್ನದು ನಿಲ್ಲಲಿಲ್ಲ. ಇಳಿದವನು ಎದುರಿನ ಅಂಗಡಿಯ ಬಾಳೆಗೊನೆ ಹಿಡಿದುಕೊಂಡು ನೆಲಕ್ಕೆ ಬಂದೆ. ಗೊನೆಯೂ ಬಂತು.

ಮರುದಿನವೇ ಹೆಂಡತಿ ನನ್ನನ್ನು ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಕಿವಿಯ ವಿಭಾಗದಲ್ಲಿ ಒಬ್ಬರು ಡಾಕ್ಟರಮ್ಮ. ಅವರು ಎರಡು ಕಾಲಿನ ಒಂದು ಕಬ್ಬಿಣ ತೆಗೆದು, ತಮ್ಮ ಮೊಣಕೈಗೆ ಬಡಿದು, ಅದರ ಬುಡವನ್ನು ನನ್ನ ಹಣೆಯ ನಡುವಿಗೆ ಇಟ್ಟರು. ಆಮೇಲೆ ಕಿವಿಯ ಹಿಂದೆ ಇಟ್ಟರು, ಕಿವಿಯ ಎದುರು ಹಿಡಿದರು. ನನಗೆ ರೋಮಾಂಚನವಾಯಿತು. ಇದು ನನ್ನದೇ ಕೆಲಸ! ಹದಿನಾರು ವರ್ಷ ನಾನು ಹಂಚಿಗೆ ಮಾಡಿದ್ದನ್ನು ಇವರು ನನಗೆ ಮಾಡುತ್ತಿದ್ದಾರೆ.

“ಯಾವ ಬದಿಗೆ ಜೋರು ಕೇಳ್ತದೆ?” ಎಂದು ಕೇಳಿದರು.

ನಾನು ಅವರ ಮುಖ ನೋಡಿದೆ. ಯಾವ ಉತ್ತರ ಕೊಟ್ಟರೆ ಪಾಸಾಗಬಹುದು ಎಂದು ಮುಖದಲ್ಲಿ ಬರೆದಿರಲಿಲ್ಲ. “ಎರಡೂ ಬದಿಗೆ ಒಳ್ಳೆದೇ ಉಂಟು” ಎಂದೆ.

ನಂತರ ಒಂದು ಸಣ್ಣ ಕೋಣೆಯೊಳಗೆ ಕೂರಿಸಿ, ಕಿವಿಗೆ ಎರಡು ಬಟ್ಟಲು ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಶಬ್ದ ಕೇಳಿದಾಗ ಒತ್ತಬೇಕು. ಬಾಗಿಲು ಹಾಕಿದರು. ಒಳಗೆ ನಾನು ಮತ್ತು ನನ್ನ ಸೈರನ್. ಯಾವುದು ಅವರ ಶಬ್ದ, ಯಾವುದು ನನ್ನದು? ಒತ್ತದಿದ್ದರೆ ಕೆಪ್ಪ ಎಂದು ಬರೆದುಬಿಡುತ್ತಾರೆ ಎಂಬ ಹೆದರಿಕೆಗೆ ಮನಸ್ಸಿಗೆ ಬಂದ ಹಾಗೆ ಒತ್ತುತ್ತಾ ಹೋದೆ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು.

“ನಾನು ಮಷೀನು ಇನ್ನೂ ಶುರು ಮಾಡಲಿಲ್ಲ” ಎಂದರು ಡಾಕ್ಟರಮ್ಮ.

ಕೊನೆಗೆ ಮಲಗಿಸಿ ಕಿವಿಗೆ ತಣ್ಣೀರು ಬಿಟ್ಟರು. ಕೋಣೆ, ಫ್ಯಾನು, ಡಾಕ್ಟರಮ್ಮ, ಮೂಲೆಯಲ್ಲಿ ನಿಂತಿದ್ದ ಹೆಂಡತಿ ಎಲ್ಲ ಗಿರಗಿರನೆ ತಿರುಗಿದರು. ಬಿಸಿನೀರು ಬಿಟ್ಟರೆ ಇನ್ನೊಂದು ಕಡೆಗೆ ತಿರುಗಿದರು. ಕಣ್ಣು ಹೇಗೆ ಓಡುತ್ತದೆ ಎಂದು ಅವರು ನೋಡುವುದಂತೆ. ತಲೆ ತಿರುಗುವುದನ್ನು ನಿಲ್ಲಿಸಲು ಬಂದವನನ್ನು ಎರಡೂ ಕಡೆಗೆ ತಿರುಗಿಸಿ ಕಳಿಸಿದರು.

ಡಾಕ್ಟರಮ್ಮ ಒಂದು ಕಾಗದದಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಒಂದು ಚಿತ್ರ ಬರೆದರು. ಇದು ಒಳಕಿವಿ. ಇದರೊಳಗೆ ನಿಮಗೆ ಒಂದಲ್ಲ, ಮೂರು ತೊಂದರೆ ಉಂಟು. ಒಂದು, ಒಳಗಿನ ನೀರು ಹೆಚ್ಚಾಗುವುದು. ಮೊರೆತ, ಕಿವಿ ತುಂಬುವುದು, ಗಂಟೆಗಟ್ಟಲೆ ತಲೆ ತಿರುಗುವುದು ಅದರಿಂದ. ಎರಡು, ಒಳಗಿನ ಸಣ್ಣ ಹರಳುಗಳು ಸಡಿಲವಾಗಿ ತಲೆ ಆಡಿಸಿದ ಕಡೆಗೆ ಓಡುವುದು. ಮಾಡು ತಿರುಗುವುದು, ಗೊಮ್ಮಟ ವಾಲುವುದು ಅದರ ಕೆಲಸ. ಮೂರು, ವರ್ಷಗಟ್ಟಲೆ ಕಿವಿಯ ಬದಿಯಲ್ಲಿ ‘ಠಣ್ ಠಣ್’ ಬಡಿದು ನರ ಸವೆದದ್ದು. ತಲೆ ತಿರುಗುವುದು ಮಾತ್ರೆಗೆ ಹಿಡಿತಕ್ಕೆ ಬರಬಹುದು. ಹೋದ ಶ್ರವಣ ವಾಪಸು ಬರುವುದಿಲ್ಲ, ಇನ್ನೂ ಇಳಿಯುತ್ತದೆ. ಉಪ್ಪು ಕಡಿಮೆ ಮಾಡಿ. ಕೆಲಸ ಬದಲಿಸಿ.

ನಾನು ಮೆಲ್ಲ ಕೇಳಿದೆ, “ಡಾಕ್ಟ್ರೇ, ಬಲದ್ದನ್ನು ಸೆಕೆಂಡ್ ಅಂತ ಇಟ್ಟುಕೊಳ್ಳಬಹುದಾ?”

ಅವರಿಗೆ ಅರ್ಥವಾಗಲಿಲ್ಲ. ಹೆಂಡತಿಗೆ ಅರ್ಥವಾಯಿತು.  ಬಸ್ಸು ಉಡುಪಿಗೆ ಬಂದ ಮೇಲೆ ಅವಳು ನನ್ನ ಬಲಗಿವಿಯ ಹತ್ತಿರ ಬಂದು, “ಧಣಿಗಳಿಗೆ ಹೇಳಿ” ಎಂದಳು.

“ಹೇಳಿದರೆ ಕೆಲಸ ಹೋಗ್ತದೆ.”

“ಹೇಳದಿದ್ದರೆ?”

“ಮೆಲ್ಲ ಹೋಗ್ತದೆ.”

ಮೆಲ್ಲ ಹೋಗುವುದನ್ನೇ ಆರಿಸಿದೆ. ನನಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಚಿಂತೆ ಮಾಡಲು ಬರುತ್ತಿತ್ತು, ಆದರೆ ಅದಕ್ಕೆ ಯಾರೂ ಸಂಬಳ ಕೊಡುವುದಿಲ್ಲ.

ಉಪ್ಪು ಬಿಟ್ಟದ್ದು ಬೇರೆಯೇ ಕತೆ. ನಮ್ಮ ಕಡೆ ಗಂಜಿಯೂಟ ಎಂದರೆ ಗಂಜಿ ನೆಪಕ್ಕೆ, ಉಳಿದದ್ದೆಲ್ಲ ಉಪ್ಪು. ಉಪ್ಪಿನಕಾಯಿ, ಒಣಮೀನು, ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆ. ಹೆಂಡತಿ ಬರಿಯ ಗಂಜಿ ಬಡಿಸಿ ಎದುರು ಕೂತು, ಮುಗಿಯುವ ತನಕ ಎದ್ದು ಹೋಗುತ್ತಿರಲಿಲ್ಲ. ಒಂದು ವಾರವಾದ ಮೇಲೆ ನಾನು ಬೆವರು ಒರೆಸಿಕೊಳ್ಳುವ ನೆಪದಲ್ಲಿ ಮೀಸೆ ನೆಕ್ಕುವುದನ್ನು ದೊಡ್ಡ ಮಗಳು ನೋಡಿ ಅಮ್ಮನಿಗೆ ಹೇಳಿಕೊಟ್ಟಳು.

ಹೀಗೆ ಎರಡು ವರ್ಷ ನೂಕಿದೆ. ಅಷ್ಟರಲ್ಲಿ ಶಿರ್ವದಿಂದ ಒಬ್ಬರು ಬಂದರು.

ಗಲ್ಫಿನಲ್ಲಿದ್ದವರು. ರಜೆಯಲ್ಲಿ ಬಂದು ದೊಡ್ಡ ಮನೆ ಕಟ್ಟಿಸುತ್ತಿದ್ದರು. ಕೊಂಕಣಿ ಮನೆಮಾತು, ನಮ್ಮೊಡನೆ ಒಂದೊಂದೇ ಶಬ್ದ ಬಿಡಿಸಿ ಕನ್ನಡ ಮಾತಾಡುತ್ತಿದ್ದರು. ತಾರಸಿ ಹಾಕಿಸುವ ಆಲೋಚನೆ ಇತ್ತಂತೆ. ಅವರ ತಾಯಿ, “ಸಿಮೆಂಟಿನ ಕೆಳಗೆ ಬೇಯಲಿಕ್ಕೆ ನಾನೇನು ಹಂಚಾ?” ಎಂದು ಕೇಳಿದ ಮೇಲೆ ಹಂಚಿನ ಮಾಡೇ ಆಗಬೇಕೆಂದು ತೀರ್ಮಾನವಾಯಿತಂತೆ. “ನನಗೆ ಎಲ್ಲವೂ ಫಸ್ಟ್ ಬೇಕು. ಒಂದೇ ಒಂದು ಸೆಕೆಂಡ್ ಇರಬಾರದು. ಮಮ್ಮಿಯ ಕೋಣೆಗೆ ಒಂದು ಹನಿ ಬಿದ್ದರೂ ನನಗೆ ಅಲ್ಲಿಂದ ಓಡಿ ಬರಲಿಕ್ಕೆ ಆಗುವುದಿಲ್ಲ” ಎಂದರು.

ಧಣಿಗಳು ಖುಷಿಯಿಂದ ಅವರನ್ನು ಫಸ್ಟ್ ರಾಶಿಯ ಹತ್ತಿರ ಕರೆದುಕೊಂಡು ಹೋದರು. ಅಲ್ಲಿ ರಾಶಿ ಎನ್ನುವಂಥದ್ದೇನೂ ಇರಲಿಲ್ಲ. ಒಂದು ಬಚ್ಚಲುಮನೆಗೆ ಸಾಕಾಗುವಷ್ಟು ಇತ್ತು. ಅದರ ಬದಿಯಲ್ಲಿ ಸೆಕೆಂಡ್ ರಾಶಿ ಗೋಡೆಯ ಎತ್ತರಕ್ಕೆ ನಿಂತಿತ್ತು.

“ನಾಡಿದ್ದು ಹೊಸ ಭಟ್ಟಿ ತೆರೆಯುತ್ತದೆ” ಎಂದರು ಧಣಿಗಳು, ಸ್ವಲ್ಪ ಬೆವರಿ. “ನೀವೇ ಬಂದು ಎದುರು ನಿಂತು ಆರಿಸಿಕೊಳ್ಳಿ. ನಮ್ಮವನ ಬಡಿತ ನೀವು ನೋಡಬೇಕು.”

ನಮ್ಮವನಿಗೆ ಅಂದು ಗಂಜಿ ಇಳಿಯಲಿಲ್ಲ. ನಾಡಿದ್ದು ಎಂದರೆ ಒಂದು ದಿನ ಉಂಟು. ನಡುವಿನ ಆ ದಿನ ಸಂಜೆ ಎಲ್ಲರೂ ಹೊರಟ ಮೇಲೆ ಶೆಡ್ಡಿನಲ್ಲಿ ಕೂತು, ಕೇಳುವುದಕ್ಕೆ ಆಗದಿದ್ದರೆ ಬೆರಳಿನಲ್ಲಾದರೂ ಗೊತ್ತಾಗುತ್ತದಾ ಎಂದು ಹಂಚಿನ ಮೂಲೆ ಹಿಡಿದು ಬಡಿದು ನೋಡುತ್ತಿದ್ದೆ. ಬೆರಳಿಗೆ ಏನೋ ಜುಂ ಎನ್ನುತ್ತಿತ್ತು. ಆದರೆ ಫಸ್ಟಿನ ಜುಂ ಯಾವುದು, ಹೆದರಿಕೆಯ ಜುಂ ಯಾವುದು?

ನೆರಳು ಬಿದ್ದದ್ದು ನೋಡಿ ತಲೆಯೆತ್ತಿದರೆ ಅಕ್ಕ. ಬಸ್ಸು ತಪ್ಪಿಸಿಕೊಂಡು ನಿಂತಿದ್ದರು. ನನ್ನ ಎದುರು ಕೂತು, ತುಟಿ ಚೆನ್ನಾಗಿ ಆಡಿಸಿ ಮಾತಾಡಿದರು.

“ಅಣ್ಣ, ನಿಮಗೆ ಕೇಳುವುದಿಲ್ಲ ಅಂತ ನನಗೆ ಗೊತ್ತುಂಟು.”

“ಯಾವಾಗಿನಿಂದ?”

“ನೀವು ಹತ್ತೂವರೆಗೆ ಊಟ ಮಾಡಿದ ದಿವಸದಿಂದ.”

“ಮತ್ತೆ ಯಾಕೆ ಹೇಳಲಿಲ್ಲ?”

ಅಕ್ಕ ಸಿಂಬಿಯ ಬಟ್ಟೆ ಕೊಡಹಿದರು. “ನಮ್ಮ ಮನೆಗೆ ಹೊಸ ಮಾಡು ಆಗಬೇಕಿತ್ತು. ಆಮೇಲೆ ತಂಗಿಯ ಮನೆಗೆ. ಆಮೇಲೆ ಆಚೆಮನೆಯವರು ಕೇಳಿದರು, ಇಲ್ಲ ಅನ್ನಲಿಕ್ಕೆ ಆಗ್ತದಾ? ಎಲ್ಲ ಸೆಕೆಂಡಿನಲ್ಲಿ ಆಯಿತು. ಒಂದು ಹನಿ ನೀರಿಲ್ಲ, ದೇವರು ನಿಮ್ಮನ್ನು ಚೆನ್ನಾಗಿ ಇಟ್ಟಿರಲಿ. ಇನ್ನು ನಿಮ್ಮ ಮರ್ಯಾದೆ ನೋಡುವ.”

ಉಪಾಯ ಅವರದೇ. ನಾನು ಬಡಿಯುವುದು, ಅವರು ಕೇಳುವುದು. ಫಸ್ಟ್ ಆದರೆ ಹಂಚು ತೆಗೆದುಕೊಳ್ಳಲು ಬಲಗೈ ಚಾಚುವುದು, ಸೆಕೆಂಡ್ ಆದರೆ ಎಡಗೈ. ನಾನು ಕೈ ನೋಡಿ ಹೇಳುವುದು.

ಮರುದಿನ ಬೆಳಿಗ್ಗೆ ಶಿರ್ವದವರು ಕುರ್ಚಿಯಲ್ಲಿ ಕೂತರು. ಬದಿಯಲ್ಲಿ ಧಣಿಗಳು ನಿಂತರು. ನಾನು ಬಡಿದೆ. ಬಲಗೈ ಬಂತು. “ಫಸ್ಟ್!” ಬಡಿದೆ. ಬಲಗೈ. “ಫಸ್ಟ್!” ಬಡಿದೆ. ಎಡಗೈ. “ಸೆಕೆಂಡ್!” ಹದಿನೆಂಟು ವರ್ಷದಲ್ಲಿ ನಾನು ಅಷ್ಟು ಸರಿಯಾಗಿ, ಅಷ್ಟು ಚುರುಕಾಗಿ ಬಡಿದದ್ದಿಲ್ಲ. ಒಮ್ಮೊಮ್ಮೆ ಸುಮ್ಮನೆ ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ತುಂಬಾ ಕೇಳಿದವನ ಹಾಗೆ ಮಾಡಿ, ಆಮೇಲೆ ಒಂದೇ ಕಣ್ಣು ತೆರೆದು ಕೈ ನೋಡಿ ಹೇಳುವಷ್ಟು ಧೈರ್ಯ ಬಂತು. ಶಿರ್ವದವರು ತಲೆದೂಗಿದರು. ಧಣಿಗಳ ಎದೆ ಉಬ್ಬಿತು. ಎದೆ ಉಬ್ಬಿದ ಧಣಿಗಳಿಗೆ ಬಂದವರನ್ನು ಎಳನೀರು ಕೊಟ್ಟು ಸತ್ಕರಿಸಬೇಕು ಅನಿಸಿತು.

“ಅಕ್ಕ, ಇವರಿಗೆ ಎರಡು ಬೊಂಡ ತೆಗೆಸಿಕೊಂಡು ಬನ್ನಿ” ಎಂದರು.

ಅಕ್ಕ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಧಣಿಗಳು ಇಬ್ಬರ ಮುಖವನ್ನೂ ನೋಡಿದರು. ಹೋಗಲೇಬೇಕಾಯಿತು. ಅವರ ಜಾಗಕ್ಕೆ ಇನ್ನೊಬ್ಬಳು ಬಂದು ನಿಂತಳು. ಹೊಸಬಳು, ವಿನಯದವಳು. ನಾನು ಬಡಿದೆ. ಅವಳು ಎರಡೂ ಕೈ ಚಾಚಿದಳು.

ಮುಂದಿನ ಹಂಚಿಗೂ ಎರಡು ಕೈ. ಅದರ ಮುಂದಿನದಕ್ಕೂ.

ಕಿವಿಯೊಳಗೆ ಕಡಲು ಎದ್ದಿತು. ಸರಳು ಹಂಚಿಗೆ ತಾಗುವುದು ಕಾಣುತ್ತಿತ್ತು, ಅಷ್ಟೇ. ಆಗ ನನ್ನ ಬಾಯಿಗೆ ಅಭ್ಯಾಸವಾದದ್ದು ಬಂತು. “ಸೆಕೆಂಡ್.” ಇನ್ನೊಂದು. “ಸೆಕೆಂಡ್.” ಅವರ ತಾಯಿಯ ಕೋಣೆ ಕಣ್ಣಿಗೆ ಬಂತು. ಆ ತಾಯಿ ಮಲಗಿದ್ದಾರೆ, ಮೇಲಿನಿಂದ ಒಂದು ಹನಿ ಇಳಿಯುತ್ತಾ ಉಂಟು. “ಸೆಕೆಂಡ್. ಸೆಕೆಂಡ್. ಸೆಕೆಂಡ್.” ಹನ್ನೆರಡೋ ಹದಿಮೂರೋ ಆದವು. ಶಿರ್ವದವರು ಎದ್ದು ಬಂದು ಸೆಕೆಂಡ್ ರಾಶಿಯಿಂದ ಒಂದನ್ನು ಎತ್ತಿ, ಕಾರಿನ ಕೀಲಿಕೈಯಿಂದ ಬಡಿದರು. ಅವರ ಹುಬ್ಬು ಮೇಲಕ್ಕೆ ಹೋಯಿತು. ಇನ್ನೊಂದು ಎತ್ತಿ ಧಣಿಗಳ ಕಿವಿಯ ಹತ್ತಿರ ಹಿಡಿದು ಬಡಿದರು. ಧಣಿಗಳು ನನ್ನ ಕೈಯಿಂದ ಸರಳು ಕಿತ್ತುಕೊಂಡು ತಾವೇ ನಾಲ್ಕು ಬಡಿದರು. ಅವರ ಮುಖದ ಬಣ್ಣ ಮೊದಲು ಸೆಕೆಂಡಿಗೆ, ಆಮೇಲೆ ಥರ್ಡಿಗೆ ಇಳಿಯಿತು.

“ಇದು ಎಂತ ಮಾರಾಯ? ಗಂಟೆಯ ಹಾಗೆ ಶಬ್ದ ಬರ್ತದೆ. ಇದು ಸೆಕೆಂಡಾ?”

ಸುಳ್ಳು ಹುಡುಕಿದೆ. ಇಷ್ಟು ವರ್ಷದಲ್ಲಿ ಸುಳ್ಳೆಲ್ಲ ಖರ್ಚಾಗಿ ಒಂದೂ ಉಳಿದಿರಲಿಲ್ಲ. ಕಾಲಿನ ಕೆಳಗೆ ನೆಲ ಬೇರೆ ಓರೆಯಾಗತೊಡಗಿತು. ರಾಶಿಗೆ ಕೈಯೂರಿ ಮೆಲ್ಲ ಕೂತು ಹೇಳಿದೆ, “ಧಣಿ, ನನಗೆ ಆ ಶಬ್ದ ಕೇಳುವುದಿಲ್ಲ. ಮಣಿಪಾಲದಲ್ಲಿ ತೋರಿಸಿ ಆಯಿತು. ಒಂದು ಕಿವಿ ಪೂರ್ತಿ ಹೋಗಿದೆ, ಇನ್ನೊಂದು ಹೋಗ್ತಾ ಉಂಟು. ಯಾರ ಮನೆಯೂ ಸೋರಬಾರದು ಅಂತ ಎಲ್ಲ ಸೆಕೆಂಡ್ ಹೇಳಿದೆ.”

  ಮೊದಲು ತುಟಿ ಆಡಿದ್ದು ಶಿರ್ವದವರದು. ಅವರು ಸೆಕೆಂಡ್ ರಾಶಿಯನ್ನು ಬುಡದಿಂದ ತುದಿಯ ತನಕ ನೋಡಿ, ಬಿಡಿಸಿ ಬಿಡಿಸಿ ಹೇಳಿದರು, “ಹಾಗಾದರೆ ನನಗೆ ಸೆಕೆಂಡೇ ಸಾಕು.”

“ಸೆಕೆಂಡ್ ಇಲ್ಲ!” ಎಂದು ಧಣಿಗಳು ಹಾರಿದರು. “ಇವತ್ತಿನಿಂದ ಇಲ್ಲಿ ಸೆಕೆಂಡೇ ಇಲ್ಲ! ಅಯ್ಯೋ, ಅಜೆಕಾರಿನವರು ಲಾರಿ ಮಾಡಿಕೊಂಡು ಬರುವಾಗಲೇ ನನಗೆ ಗೊತ್ತಾಗಬೇಕಿತ್ತು. ಊರಿನ ದನಗಳಿಗೆಲ್ಲ ಫಸ್ಟ್ ಹೊದೆಸಿದೆಯಲ್ಲ ಮಾರಾಯ! ಇಲ್ಲಿ ಫಸ್ಟ್ ಸಿಗದೆ ನನ್ನ ಮನೆಯ ಹಿಂದಿನ ಜಗಲಿಗೆ ನಾನು ಫಸ್ಟ್ ಅಂತ ಹಾಕಿಸಿದ್ದು ಬೇರೆ ಕಾರ್ಖಾನೆಯದ್ದು, ಅದು ಸೋರ್ತಾ ಉಂಟು!” ಆಮೇಲೆ ನನ್ನ ಕಡೆ ತಿರುಗಿ, “ನೀನು ನಾಳೆಯಿಂದ ಬರಬೇಡ” ಎಂದರು. ಅದು ತುಟಿಯಲ್ಲಿ ಸ್ಪಷ್ಟವಾಗಿ ಕಾಣಿಸಿತು.

ಎಷ್ಟೋ ವರ್ಷದಿಂದ ಹೆದರಿದ್ದ ಮಾತು. ಬಂದಾಗ ಆಶ್ಚರ್ಯವೆಂದರೆ ಹೊಟ್ಟೆ ಹಗುರವಾಯಿತು. ಒಂದು ನಿಮಿಷ ಮಾತ್ರ. ಆಮೇಲೆ ಮಕ್ಕಳ ಮುಖ ನೆನಪಾಗಿ ಮೊದಲಿಗಿಂತ ಭಾರವಾಯಿತು.

ಸಿಟ್ಟಿನಲ್ಲಿ ಧಣಿಗಳು ಸೆಕೆಂಡ್ ರಾಶಿಯನ್ನು ತಾವೇ ಮತ್ತೊಮ್ಮೆ ಬಡಿಯಲು ನಿಂತರು. ಮೂವತ್ತು ಹಂಚಿಗೆ ತೋಳು ಬಿದ್ದುಹೋಯಿತು. ಐವತ್ತಕ್ಕೆ ಎಲ್ಲ ಒಂದೇ ಶಬ್ದ ಬರತೊಡಗಿರಬೇಕು, ಒಂದೇ ಹಂಚನ್ನು ಮೂರು ಮೂರು ಸಲ ಬಡಿದರು. ಅಷ್ಟರಲ್ಲಿ ಅಕ್ಕ ಬೊಂಡ ಹಿಡಿದುಕೊಂಡು ಬಂದರು. ಬೊಂಡ ಶಿರ್ವದವರ ಕೈಗೆ ಕೊಟ್ಟು, ಧಣಿಗಳ ಕೈಯಿಂದ ಸರಳು ತೆಗೆದುಕೊಂಡು, ಯಾರ ಅಪ್ಪಣೆಗೂ ಕಾಯದೆ ಬಡಿಯತೊಡಗಿದರು. ಬಲಕ್ಕೊಂದು, ಬಲಕ್ಕೊಂದು, ಎಡಕ್ಕೊಂದು. ಹೆಂಗಸರು ಹಂಚು ಹೊರಬಹುದು, ಬಡಿಯಲಿಕ್ಕಿಲ್ಲ ಎಂದು ನಮ್ಮಲ್ಲಿ ಯಾರೂ ಕಾನೂನು ಬರೆದಿರಲಿಲ್ಲ. ಬರೆಯುವ ಅಗತ್ಯ ಬಂದಿರಲಿಲ್ಲ, ಅಷ್ಟೇ. ಧಣಿಗಳು ಎಡಕ್ಕೆ ಹೋದ ಹಂಚುಗಳನ್ನು ಒಂದೊಂದೇ ಎತ್ತಿ ನೋಡಿದರು. ಒಂದರಲ್ಲೂ ತಪ್ಪು ಸಿಕ್ಕಲಿಲ್ಲ.

ಸಿಟ್ಟು ಹರಿದುಹೋಗುವ ಹೊತ್ತು ಅದು. ನನ್ನ ಹತ್ತಿರ ಬಂದು, ಬಲಗಿವಿಗೆ ಬಗ್ಗಿ, “ನೀನು ಒಣಗಿಸುವ ಶೆಡ್ಡಿಗೆ ಹೋಗು. ಅಲ್ಲಿ ಹಸಿ ಹಂಚು. ಬಡಿದರೆ ಯಾರಿಗೂ ಏನೂ ಕೇಳುವುದಿಲ್ಲ. ನಿನ್ನ ಕಿವಿಯೂ ನನ್ನ ಕಿವಿಯೂ ಅಲ್ಲಿ ಒಂದೇ” ಎಂದರು. ನನಗೆ ಕಣ್ಣು ತುಂಬಿತು. ಅದನ್ನು ತಲೆ ತಿರುಗಿದ್ದೆಂದು ತಿಳಿದು ಅವರು ನನ್ನ ತೋಳು ಹಿಡಿದುಕೊಂಡರು.

ಶಿರ್ವದವರಿಗೆ ಬೇಕಾದಷ್ಟು ಫಸ್ಟ್ ಎರಡು ದಿನದಲ್ಲಿ ಸೆಕೆಂಡ್ ರಾಶಿಯಿಂದಲೇ ಹೊರಟು ಲಾರಿ ಹತ್ತಿತು. ಎರಡನೆಯ ದಿನ ಸಂಜೆ ಧಣಿಗಳು ಅಕ್ಕನನ್ನು ಕರೆದು, ಇನ್ನು ಮುಂದೆ ಬಡಿಯುವ ಕೆಲಸ ನಿಮ್ಮದೇ ಎಂದರು. ಕೂಲಿ ಮಾತ್ರ ಹೊರುವವರದ್ದೇ. ಹೆಂಗಸರಿಗೆ ಅಷ್ಟೇ ಅಲ್ವಾ ಎಂದದ್ದು ಶೆಡ್ಡಿನ ಬಾಗಿಲಲ್ಲಿದ್ದ ನನಗೂ ತುಟಿಯಲ್ಲಿ ಕಂಡಿತು. ಅಂಗಳದಲ್ಲಿ ಎಲ್ಲರ ಎದುರು ನಡೆದ ಮಾತು. ಧಣಿಗಳು ಬಾಗಿಲಿನ ಬಳಿ ಮೇಜಿನ ಹಿಂದೆ ಕೂತಿದ್ದರು. ಅಕ್ಕ ಸರಳನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತಾ ನಿಂತಿದ್ದರು.  ಒಪ್ಪಿಬಿಡುತ್ತಾರೆ ಎಂದು ನನಗೆ ಅನಿಸಿತು.

ನಾನು ಶೆಡ್ಡಿನಿಂದ ಮಣ್ಣಿನ ಕೈಯಲ್ಲೇ ಬಂದು ಅವರ ಹಿಂದೆ ನಿಂತೆ. ಧಣಿಗಳಿಗೆ ಎದುರು ಮಾತಾಡುವ ಧೈರ್ಯ ನನಗೆ ಯಾವತ್ತೂ ಇರಲಿಲ್ಲ. ಅದಕ್ಕೇ ಅಕ್ಕನ ಕಿವಿಯ ಹತ್ತಿರ ಬಗ್ಗಿ, ಅವರಿಗೆ ಮಾತ್ರ ಕೇಳುವ ಹಾಗೆ, ಗುಟ್ಟಾಗಿ ಹೇಳಿದೆ.

“ನನಗೆ ಕೊಡುತ್ತಿದ್ದಷ್ಟೇ ಕೊಡಲಿ ಅಕ್ಕ, ಒಂದು ಪೈಸೆ ಕಡಿಮೆಗೆ ಒಪ್ಪಬೇಡಿ. ಈಗ ಇವರಿಗೆ ಬೇರೆ ಗತಿ ಇಲ್ಲ. ನೀವು ಬಿಟ್ಟರೆ ನಾಳೆ ಇವರೇ ಬಡಿಯಬೇಕು, ಮೂವತ್ತು ಹಂಚಿಗೆ ತೋಳು ಹಿಡಿದುಕೊಂಡು ಕೂರ್ತಾರೆ.”

ಅಕ್ಕನ ಭುಜ ಹಾರಿತು. ಹಂಚು ಹೊತ್ತು ಹೋಗುತ್ತಿದ್ದ ಹೆಂಗಸರು ಹೆಜ್ಜೆ ನಿಲ್ಲಿಸಿದರು. ಮಾಡಿನ ಮೇಲಿದ್ದ ಕಾಗೆಗಳು ಎದ್ದುಹೋದವು. ಅಂಗಳದ ಆಚೆ ತುದಿಯಲ್ಲಿ ಲಾರಿಗೆ ಹಗ್ಗ ಬಿಗಿಯುತ್ತಿದ್ದವನು ತಿರುಗಿ ನೋಡಿದ. ಆಗ ನನಗೆ ಅಂದಾಜಾಯಿತು, ನನ್ನ ಗುಟ್ಟು ಎಷ್ಟು ದೊಡ್ಡದಾಗಿ ಹೊರಬಿತ್ತು ಎಂದು.

ಮೇಜಿನ ಹಿಂದೆ ಧಣಿಗಳು ಎರಡೂ ಕೈಯಲ್ಲಿ ತಮ್ಮ ಕಿವಿ ಮುಚ್ಚಿಕೊಂಡಿದ್ದರು. ಮೆಲ್ಲ ಕೈ ತೆಗೆದು, ಅಕ್ಕನನ್ನು ನೋಡಿ ತಲೆಯಾಡಿಸಿ ಒಪ್ಪಿದರು. ಆಮೇಲೆ ನನ್ನನ್ನು ನೋಡಿ ಏನೋ ಹೇಳಿದರು. “ಆಯ್ತು ಮಾರಾಯ, ಕೊಡುವ, ಬೊಬ್ಬೆ ಹಾಕಬೇಡ” ಎಂದೇ ಇರಬೇಕು, ತುಟಿ ಹಾಗೆಯೇ ಆಡಿತು.